ನೋಡಿದರೆ ನಿಲ್ಲುತ್ತಿದ್ದ ಬೆರಳುಗಳು

ಎದುರಿಗೆ ಕೂತು ಯಾರು ಮಾತಾಡಿದರೂ ನಮ್ಮ ಸರ್ ಅವರ ಹತ್ತು ಬೆರಳುಗಳೂ ಆ ಮಾತನ್ನು ತೊಡೆಯ ಮೇಲೆ ಟೈಪ್ ಮಾಡುತ್ತಿದ್ದವು. ದೊಡ್ಡ ಕುಣಿತವೇನಲ್ಲ. ಬಿಳಿ ಪೈಜಾಮದ ಬಟ್ಟೆಯ ಮೇಲೆ ಬೆರಳ ತುದಿ ಅಷ್ಟಷ್ಟೇ ಏಳುತ್ತಿತ್ತು, ಬೀಳುತ್ತಿತ್ತು. ನೀವು ವಾಕ್ಯ ಮುಗಿಸಿದರೆ ಬಲಗೈ ಹೆಬ್ಬೆರಳು ಒಮ್ಮೆ ಕುಟ್ಟಿ ಸುಮ್ಮನಾಗುತ್ತಿತ್ತು. ನೀವು ತಡವರಿಸಿದರೆ ಬೆರಳುಗಳೂ ಅಲ್ಲೇ ಕಾಯುತ್ತಿದ್ದವು. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಸತ್ತವರ ಮಣ್ಣಿಗೆ ಹೋದ ಕಡೆಯಲ್ಲೂ ಅವಕ್ಕೆ ಇದೇ ಕೆಲಸ. ಅವರ ಹೆಂಡತಿಯನ್ನು ನಾವೆಲ್ಲ ಚಾಚಿ ಎನ್ನುತ್ತಿದ್ದೆವು. ಚಾಚಿ ನಗಾಡುತ್ತಿದ್ದರು: “ನಾ ಬೈದದ್ದು ತೊಡಿ ಮ್ಯಾಲ ಟೈಪ್ ಆತಂದ್ರ ಕಿವಿಗೆ ಹೋಗ್ಯದ ಅಂತ ತಿಳ್ಕೋ ಬೇ. ಬೆರಳ ಸುಮ್ನಿದ್ರ ಗ್ವಾಡಿಗೆ ಹೇಳಿದಂಗ.”

ಆದರೆ ಆ ಬೆರಳುಗಳನ್ನು ನೇರವಾಗಿ ನೋಡಬಾರದಿತ್ತು. ನೋಡಿದರೆ ಸಾಕು, ನಿಂತುಬಿಡುತ್ತಿದ್ದವು. ಅವರು ಬೆಲ್ಲ ಕದ್ದು ಸಿಕ್ಕಿಬಿದ್ದ ಹುಡುಗನಂತೆ ನಾಚಿ ಎರಡೂ ಕೈಗಳನ್ನು ಬಗಲಲ್ಲಿ ಇಟ್ಟುಕೊಳ್ಳುತ್ತಿದ್ದರು. ಹಾಗಾಗಿ ಅವರನ್ನು ಬಲ್ಲವರೆಲ್ಲ ಅವರ ಮುಖ ನೋಡುತ್ತಲೇ ಓರೆಗಣ್ಣಲ್ಲಿ ಬೆರಳು ನೋಡುವುದನ್ನು ಕಲಿತಿದ್ದರು. ನಾನು ಅವರಲ್ಲಿ ಕಂಪ್ಯೂಟರಿನ ಜಾವಾ ಭಾಷೆ ಕಲಿಯುವ ಮೊದಲೇ ಅದನ್ನು ಕಲಿತೆ.

ಅವರು ವಿಜ್ಞಾನದಲ್ಲಿ ಡಿಗ್ರಿ ಮಾಡಿದವರು. ಸೊಲ್ಲಾಪುರಕ್ಕೆ ಹೋಗಿ ಕಂಪ್ಯೂಟರ್ ಕೋರ್ಸನ್ನೂ ಓದಿ ಬಂದವರು. ಆಳಂದದ ಬಸ್‌ಸ್ಟ್ಯಾಂಡಿನ ಹಿಂದೆ, ಬಟ್ಟೆ ಅಂಗಡಿಯೊಂದರ ಮೇಲೆ ಅವರ ಕ್ಲಾಸು. ಬೋರ್ಡಿನ ಮೇಲೆ ‘ಟೈಪಿಂಗ್’ ಎಂದು ದೊಡ್ಡದಾಗಿ ಬರೆಸಿದ್ದು ಮೊದಲು. ‘ಮತ್ತು ಕಂಪ್ಯೂಟರ್’ ಎಂಬುದು ಆಮೇಲೆ ಉಳಿದ ಜಾಗದಲ್ಲಿ ಮುದುಡಿಕೊಂಡು ಸೇರಿದ್ದು. ಟೈಪ್‌ರೈಟರುಗಳು ಮೂಲೆಗೆ ಸೇರಿ, ಕಂಪ್ಯೂಟರುಗಳು ಸಾಲಾಗಿ ಕೂತು, ಅವರು ಪ್ರೋಗ್ರಾಮಿಂಗ್ ಹೇಳಿಕೊಡುವ ಕಾಲ ಬಂದರೂ ಊರಿಗೆ ಅವರು ಟೈಪಿಂಗ್ ಸರ್ರೇ. ಅವರ ನಿಜವಾದ ಹೆಸರು ಅರ್ಧ ಆಳಂದಕ್ಕೆ ಗೊತ್ತಿರಲಿಲ್ಲ. ಹೀಗಿರುವಾಗ ನಾನೊಬ್ಬಳು ಇಲ್ಲಿ ಹೆಸರು ಬರೆದು ಸಾಧಿಸುವುದೇನಿದೆ? ಟೈಪಿಂಗ್ ಸರ್ ಎಂದರೆ ಸಾಕು.

ನಾನು ಮಾದನಹಿಪ್ಪರಗಾದಿಂದ ದಿನಾ ಬಸ್ಸಿಗೆ ಬಂದು ಡಿಗ್ರಿ ಕಾಲೇಜು ಮುಗಿಸಿ ಅವರ ಕ್ಲಾಸಿಗೆ ಹೋಗುತ್ತಿದ್ದೆ. ಹೋದ ಮೊದಲ ದಿನವೇ ಜಗಳ. ಕಂಪ್ಯೂಟರ್ ಕಲಿಯಲು ಬಂದ ನನ್ನನ್ನು ಕೀಬೋರ್ಡಿನ ಮುಂದೆ ಕೂರಿಸಿ, ನನ್ನ ಎರಡೂ ಕೈಗಳ ಮೇಲೆ ಒಂದು ವಲ್ಲಿ ಹೊದಿಸಿದರು. ಹೆಗಲ ಮೇಲೆ ಹಾಕಿಕೊಳ್ಳುತ್ತಾರಲ್ಲ, ಅದೇ ಚೌಕುಳಿ ವಲ್ಲಿ. ಕೀಲಿಯೂ ಕಾಣಬಾರದು, ಬೆರಳೂ ಕಾಣಬಾರದು.

“ಸರ್, ನಾ ಟೈಪಿಂಗ್ ಕಲಿಯಾಕ ಬಂದಿಲ್ರಿ, ಜಾವಾ ಕಲಿಯಾಕ ಬಂದೇನಿ,” ಎಂದೆ. ನನ್ನ ಬಾಯಿ ಆಗಲೂ ಸ್ವಲ್ಪ ಮುಂದೆಯೇ ಇತ್ತು.

“ಗೊತ್ತದ ಬೇಟಾ. ಮೊದಲ ಬೆರಳ ನಂಬಾಕ ಕಲಿ. ನೀ ನೋಡಿದ್ರ ಅವು ನಾಚ್ಕೋತಾವ, ತಪ್ಪ ಮಾಡ್ತಾವ.”

“ನಿಮ್ಮ ಬೆರಳ ಹಂಗ ಮಾಡ್ತಾವಂತ ನಮ್ಮವೂ ಮಾಡ್ತಾವೇನ್ರಿ?”

ಕ್ಲಾಸೆಲ್ಲ ನಕ್ಕಿತು. ಸರ್ ಕೂಡ ನಕ್ಕರು, ಆದರೆ ವಲ್ಲಿ ತೆಗೆಯಲಿಲ್ಲ. ಆ ವಲ್ಲಿಯ ಕೆಳಗೆ ನಾನು ಅವರನ್ನು ಬೈದುಕೊಂಡದ್ದನ್ನೇ ಟೈಪ್ ಮಾಡಿದ್ದೂ ಉಂಟು. ಸ್ಕ್ರೀನಿನ ಮೇಲೆ ಅದು ಮೂಡುತ್ತದೆ ಎಂಬುದು ನೆನಪಾಗುವಷ್ಟರಲ್ಲಿ ಅವರು ಹಿಂದೆ ನಿಂತು ಓದಿಬಿಟ್ಟಿದ್ದರು. “ಬೈಗುಳ ಛಲೋ ಅದ, ಒಂದೂ ತಪ್ಪಿಲ್ಲ,” ಎಂದು ಮುಂದಿನವಳ ಕಡೆಗೆ ಹೋದರು.

ಅವರು ಪಾಠ ಹೇಳುವ ರೀತಿ ಪುಸ್ತಕದ್ದಲ್ಲ. ಜಾವಾದಂಥ ಭಾಷೆಯಲ್ಲಿ ಪ್ರೋಗ್ರಾಂ ಎಂದರೆ ಆಬ್ಜೆಕ್ಟುಗಳ ಒಂದು ಓಣಿ. ಪ್ರತಿ ಆಬ್ಜೆಕ್ಟು ತನ್ನ ಸಾಮಾನನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಬೇಕಾದವರು ಕೇಳಿ ಪಡೆಯಬೇಕು. ಇದನ್ನು ಸರ್ ಹೀಗೆ ಹೇಳುತ್ತಿದ್ದರು: “ಮಂದಿ ಮನಿಗೆ ಹೋಗಿ ಸೀದಾ ಅಡಗಿ ಮನಿ ಹೊಕ್ಕು ಡಬ್ಬಿ ತಗದು ನೋಡ್ತೀರೇನು? ಇಲ್ಲ. ಹೊಸ್ತಿಲದಾಗ ನಿಂತು ‘ಅವ್ವಾರ, ಸಕ್ಕರಿ ಅದೇನ್ರಿ’ ಅಂತ ಕೇಳ್ತೀರಿ. ಅಕಿ ಒಳಗ ಹೋಗಿ ನೋಡಿ ಬಂದು ಹೇಳ್ತಾಳ. ಇಷ್ಟೇ ನೋಡ್ರಿ ಆಬ್ಜೆಕ್ಟ್ ಅಂದ್ರ.” ಈ ಸಕ್ಕರೆ ಡಬ್ಬಿ ಮುಂದೊಂದು ದಿನ ನಮ್ಮ ಮನೆಯ ಮಾನ ಉಳಿಸುತ್ತದೆ ಎಂದು ನನಗೇನು ಗೊತ್ತಿತ್ತು.

ನನಗೆ ಹುಚ್ಚು ಹಿಡಿಸಿದ್ದು ಡಿಬಗ್ಗರ್. ನಡೆಯುತ್ತಿರುವ ಪ್ರೋಗ್ರಾಮನ್ನು ಬೇಕೆಂದ ಸಾಲಿನಲ್ಲಿ ನಿಲ್ಲಿಸಿ, ಒಳಗೆ ಯಾವ ಆಬ್ಜೆಕ್ಟಿನಲ್ಲಿ ಏನಿದೆ ಎಂದು ತೆರೆದು ತೋರಿಸುವ ಸಾಧನ ಅದು. ಓಡುವ ಬಸ್ಸನ್ನು ನಿಲ್ಲಿಸಿ ಎಲ್ಲರ ಚೀಲ ನೋಡಿದ ಹಾಗೆ. ಏನು ತಪ್ಪಾದರೂ ನಾನು ಮೊದಲು ಡಿಬಗ್ಗರ್ ತೆರೆಯುತ್ತಿದ್ದೆ. ಸರ್ ಅದನ್ನು ಬೇಡ ಎನ್ನುತ್ತಿರಲಿಲ್ಲ, ಹೊಗಳುತ್ತಲೂ ಇರಲಿಲ್ಲ. “ಅವಸರ ಮಾಡಬ್ಯಾಡ. ಯಾರಿಗೆ ಬ್ಯಾನಿ ಆಗ್ಯದ, ಮೊದಲ ಅವ್ರ ಮಾತ ಪೂರಾ ಕೇಳು,” ಎನ್ನುತ್ತಿದ್ದರು.

ಆ ವರ್ಷ ಬೇನೆ ಬಂದದ್ದು ನಮ್ಮ ಅಪ್ಪನಿಗೆ.

ಆಳಂದದ ಹೊರಗೆ, ರಸ್ತೆಯ ಪಕ್ಕದಲ್ಲಿ ಗಾಡಿ ಸಮೇತ ಮಾಲು ತೂಗುವ ಕಾಟಾ ಇತ್ತು. ಊರಿನ ಸಾಹುಕಾರರೊಬ್ಬರದು. ಅಪ್ಪ ಅದರ ಕೋಣೆಯಲ್ಲಿ ಕೂತು ತೂಕ ತೆಗೆದು ಚೀಟಿ ಕೊಡುತ್ತಿದ್ದ. ಮೊದಲೆಲ್ಲ ಕೈಯಲ್ಲಿ ಬರೆಯುತ್ತಿದ್ದದ್ದು, ಆಮೇಲೆ ಕಂಪ್ಯೂಟರ್ ಬಂತು. ಗಾಡಿ ಹತ್ತಿದರೆ ಹೊರಗೆ ಡ್ರೈವರಿಗೆ ಕಾಣುವಂತೆ ಕೆಂಪು ಅಂಕಿಯಲ್ಲಿ ತೂಕ ಬೀಳುತ್ತದೆ. ಒಳಗೆ ಅಪ್ಪ ಗುಂಡಿ ಒತ್ತಿದರೆ ಕಂಪ್ಯೂಟರಿನಿಂದ ಚೀಟಿ ಬರುತ್ತದೆ. ಕಬ್ಬಿನ ಸೀಜನ್ನು ಜೋರಾದಾಗ ಗುಲ್ಲೆದ್ದಿತು: ಚೀಟಿಯ ತೂಕಕ್ಕೂ ಮುಂದೆ ಕಾರ್ಖಾನೆಯ ತೂಕಕ್ಕೂ ತಾಳೆಯಿಲ್ಲ, ಕಾಟಾದಲ್ಲಿ ಮಾಲು ಹೊಡೆಯುತ್ತಿದ್ದಾರೆ. ಎಲ್ಲರಿಗೂ ಅಲ್ಲ, ಕೆಲವರಿಗೆ ಮಾತ್ರ. ಅದೇ ಅಪ್ಪನಿಗೆ ಮುಳುವಾಯಿತು. ಯಂತ್ರ ಕೆಟ್ಟರೆ ಎಲ್ಲರಿಗೂ ಕೆಡಬೇಕು. ಆರಿಸಿ ಆರಿಸಿ ಕೆಡುವುದು ಮನುಷ್ಯ ಮಾತ್ರ, ಎಂದರು ಜನ.

ಸಾಹುಕಾರರು ಅಪ್ಪನನ್ನು ನಾಲ್ಕು ಜನರ ಮುಂದೆ ನಿಲ್ಲಿಸಿ, “ನೀ ಮಾಡಿಲ್ಲಂದ್ರ ಲಿಂಗ ಮುಟ್ಟಿ ಆಣಿ ಮಾಡು. ಮುಗೀತು, ನಾ ನಂಬ್ತೇನಿ,” ಎಂದರು.

ಅಪ್ಪನ ಎದೆಯ ಮೇಲೆ ಬೆಳ್ಳಿ ಕರಡಿಗೆ ಇತ್ತು, ಅದರಲ್ಲಿ ಇಷ್ಟಲಿಂಗ. ದಿನಾ ಬೆಳಿಗ್ಗೆ ಅದನ್ನು ಎಡಗೈ ಅಂಗೈಯಲ್ಲಿಟ್ಟು ನೋಡುತ್ತಾ ಕೂರುವ ಮನುಷ್ಯ. ಅಪ್ಪ ಕರಡಿಗೆಗೆ ಕೈ ಹಚ್ಚಲಿಲ್ಲ.

“ಇದು ಪೂಜಾಕ್ಕ ಅದರಿ, ತಕ್ಕಡಿಗಲ್ಲ,” ಎಂದ. “ನಾ ಕದ್ದಿಲ್ಲ. ಆದ್ರ ಆಣಿ ಮಾತ್ರ ಮಾಡೂದಿಲ್ಲ.”

ಅಲ್ಲಿಗೆ ಮುಗಿಯಿತು. ಕಳ್ಳನಲ್ಲದವನಿಗೆ ಮುಟ್ಟಲು ಏನು ತ್ರಾಸು ಎಂದು ಊರೇ ಕೇಳಿತು. ಸಾಹುಕಾರರು ಸೋಮವಾರದವರೆಗೆ ಗಡುವು ಕೊಟ್ಟರು. ಅಷ್ಟರಲ್ಲಿ ಆಣೆ ಮಾಡಬೇಕು, ಇಲ್ಲವೇ ಕಳ್ಳನೆನಿಸಿಕೊಂಡು ಕಾಟಾ ಬಿಟ್ಟು ಹೋಗಬೇಕು. ನಮ್ಮವ್ವ ಮನೆಯಲ್ಲಿ ಒಲೆ ಹಚ್ಚಿ ಒಲೆಯ ಮುಂದೆಯೇ ಕೂತಿದ್ದಳು, ಮೇಲೆ ಏನೂ ಇಡದೆ. “ಮುಟ್ಟಿ ಹೇಳಿಬಿಡ್ರಿ, ಖರೇನ ಹೇಳಾಕ ಏನಾಗ್ತದ,” ಎಂದು ಒಮ್ಮೆ ಹೇಳಿದಳು. ಅಪ್ಪ ಅವಳ ಮುಖ ನೋಡಿದ. ಅವಳು ಒಲೆಯ ಕಡೆ ತಿರುಗಿದಳು.

ನಾನು ಕ್ಲಾಸಿಗೆ ಹೋಗಿ ಸರ್ ಎದುರು ಎಲ್ಲ ಒದರಿದೆ. ಅವರ ಬೆರಳುಗಳು ತೊಡೆಯ ಮೇಲೆ ಓಡಿದವು. ನಾನು ಗೋಡೆ ನೋಡುತ್ತಾ ಹೇಳಿದೆ. ಮುಗಿದ ಮೇಲೆ ಹೆಬ್ಬೆರಳು ಕುಟ್ಟಿತು. ವಲ್ಲಿ ಹೆಗಲಿಗೆ ಹಾಕಿಕೊಂಡು ಎದ್ದರು. ಸೀದಾ ಸಾಹುಕಾರರ ಹತ್ತಿರ ಹೋಗಿ, “ದೇವರಿಗ್ಯಾಕ ತ್ರಾಸ ಕೊಡ್ತೀರಿ ಸಾವ್ಕಾರ್ರ? ಮೊದಲ ಮಷಿನ್‌ಗೆ ಕೇಳೋಣ. ಅದು ಹೇಳಲಿಲ್ಲಂದ್ರ ಆಮ್ಯಾಲ ದೇವರದಾನ,” ಎಂದರು. ಸಾಹುಕಾರರ ಮಕ್ಕಳೂ ಇವರ ಹತ್ತಿರವೇ ಟೈಪಿಂಗ್ ಕಲಿತವರು. ಇಲ್ಲ ಎನ್ನಲಾಗಲಿಲ್ಲ.

ಕಾಟಾದ ಪ್ರೋಗ್ರಾಮನ್ನು ಸೊಲ್ಲಾಪುರದ ಒಬ್ಬಾತ ಮಾಡಿಕೊಟ್ಟಿದ್ದ. ಆತ ಅಂಗಡಿ ಮುಚ್ಚಿ ಎಲ್ಲಿಗೆ ಹೋದನೋ, ಫೋನು ಎತ್ತುತ್ತಿರಲಿಲ್ಲ. ಆತ ಬರೆದ ಮೂಲ ನಮ್ಮ ಬಳಿ ಇರಲಿಲ್ಲ, ಕಂಪೈಲ್ ಆದದ್ದು ಮಾತ್ರ ಇತ್ತು. ಓದುಗರಿಗೆ ಹೀಗೆ ಹೇಳಬಹುದು: ಮನುಷ್ಯ ಬರೆದದ್ದು ಜೋಳ, ಕಂಪೈಲ್ ಆದದ್ದು ಹಿಟ್ಟು. ಕಂಪ್ಯೂಟರ್ ಹಿಟ್ಟನ್ನಷ್ಟೇ ತಿನ್ನುತ್ತದೆ. ಆತ ಜೋಳ ತನ್ನಲ್ಲೇ ಇಟ್ಟುಕೊಂಡು ಹಿಟ್ಟಷ್ಟೇ ಕೊಟ್ಟು ಹೋಗಿದ್ದ. ಹಿಟ್ಟಿನಿಂದ ಹಿಂದಕ್ಕೆ ಕಾಳು ಮಾಡಿ ತೋರಿಸುವ ಸಾಧನಗಳೂ ಇವೆ. ಆದರೆ ಅವು ಕೊಡುವ ಕಾಳು ಮೊದಲಿನದಲ್ಲ. ಬರೆದವನು ತೂಕ, ಗಾಡಿ, ನಂಬರು ಎಂದು ಇಟ್ಟಿದ್ದ ಹೆಸರುಗಳೆಲ್ಲ ಅಳಿಸಿಹೋಗಿದ್ದವು. ಅವುಗಳ ಜಾಗದಲ್ಲಿ ಬರೀ ಒಂದು, ಎರಡು, ಮೂರು. ಸಾಲುಗಳೂ ಹಿಂದುಮುಂದು. ಈಗ ನಡೆಯುವ ಸಾಲು ತೋರಿಸುವ ಡಿಬಗ್ಗರಿನ ಬಾಣ ಒಂದು ಸಾಲಿನ ಮುಂದೆ ನಿಂತಿದ್ದರೆ ಕೆಲಸ ನಡೆಯುತ್ತಿದ್ದದ್ದು ಇನ್ನೊಂದು ಸಾಲಿನದ್ದು.

ಸರ್ ತಂದ ಲ್ಯಾಪ್‌ಟಾಪನ್ನು ಕಾಟಾದ ಕಂಪ್ಯೂಟರಿಗೆ ವಾಯರಿನಿಂದ ಜೋಡಿಸಿ, ಶನಿವಾರ ಇಡೀ ದಿನ ಕಾಟಾದ ಕೋಣೆಯಲ್ಲಿ ಇದರ ಜೊತೆ ಗುದ್ದಾಡಿದೆವು. ನಾನು ಮೌಸ್ ಬಿಸಾಡಿ, “ಒಂದಕ್ಕೂ ಹೆಸರಿಲ್ಲ ಸರ್, ಹೆಂಗ ಗುರ್ತ ಹಿಡೀಬೇಕ್ರಿ?” ಎಂದೆ.

“ಊರಾಗ ನನ್ನ ಹೆಸರ ಯಾರಿಗೆ ಗೊತ್ತದ?” ಎಂದರು ಸರ್. “ಕೆಲಸದ ಮ್ಯಾಲ ಗುರ್ತ ಹಿಡೀತಾರಿಲ್ಲ? ಹಂಗ ಹಿಡಿ. ಯಾವುದು ಕಾಟಾದ ಜೋಡಿ ಮಾತಾಡ್ತದ, ಯಾವುದು ಪ್ರಿಂಟರ್ ಜೋಡಿ ಮಾತಾಡ್ತದ, ನೋಡಿಕೋತ ಹೋಗು.”

ಹಾಗೆ ಹೋಗಿ ಹೋಗಿ ಭಾನುವಾರ ಬೆಳಿಗ್ಗೆ ತೂಕವನ್ನು ಹಿಡಿದಿಟ್ಟುಕೊಳ್ಳುವ ಆಬ್ಜೆಕ್ಟು ಸಿಕ್ಕಿತು. ನನಗೆ ಊರು ಗೆದ್ದ ಖುಷಿ. ಅದನ್ನೇ ಡಿಬಗ್ಗರಿನ ಕಿಟಕಿಯಲ್ಲಿಟ್ಟು, ಪ್ರತಿ ಗಾಡಿಗೂ ಒಮ್ಮೆ ನಿಲ್ಲಿಸಿ, ಒಳಗಿನ ತೂಕ, ಹೊರಗಿನ ಕೆಂಪು ಅಂಕಿ, ಚೀಟಿ ಮೂರನ್ನೂ ತಾಳೆ ನೋಡಿದೆವು. ಎಲ್ಲ ಸರಿ. ಇನ್ನೊಂದು ಗಾಡಿ, ಅದೂ ಸರಿ. ಬಂದ ಗಾಡಿಯೆಲ್ಲ ಸರಿ. ಒಂದಾದರೂ ತಪ್ಪಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ತಪ್ಪಲಿಲ್ಲ.

ಮಧ್ಯಾಹ್ನ ಸಾಹುಕಾರರು ಇಬ್ಬರು ವ್ಯಾಪಾರಿಗಳನ್ನು ಕರೆದುಕೊಂಡು ಬಂದರು. ಕೂತು ಎಲ್ಲ ನೋಡಿದರು.

“ಸರ್, ನೀವು ಕಣ್ಣಿಟ್ಟು ಕುಂತಾಗ ಎಲ್ಲಾ ಬರೋಬ್ಬರಿ ಬರಾಕತ್ತದ. ನೀವಿಲ್ಲದಾಗ ತಪ್ತದ. ಅಂದ್ರ ಮಷಿನ್ ಛಲೋ ಅದ,” ಎಂದರು. “ಇನ್ನ ಉಳದದ್ದು ನಾ ಬಾಯಿ ಬಿಟ್ಟು ಹೇಳಬೇಕೇನ್ರಿ?”

ಅಪ್ಪ ಮೂಲೆಯಲ್ಲಿ ನಿಂತಿದ್ದ. ಹೊರಗೆ ಹೋಗಿ ಗಡಿಗೆಯಿಂದ ನೀರು ಕುಡಿದ. ಅಪ್ಪನನ್ನು ಉಳಿಸಲು ಹೋಗಿ ನಾನೇ ಅವನ ವಿರುದ್ಧ ಸಾಕ್ಷಿ ತಂದು ನಿಲ್ಲಿಸಿದ ಹಾಗಾಗಿತ್ತು.

ಬೇವಿನ ಗಿಡದ ಕೆಳಗೆ ಸರ್ ಚಹಾ ಹಿಡಿದು ಕಲ್ಲಿನ ಮೇಲೆ ಕೂತಿದ್ದರು. ನಾನು ಅವರೆದುರು ಕೂತು ಅತ್ತೆ, ಬೈದೆ. ಸಾಹುಕಾರರನ್ನು, ಸೊಲ್ಲಾಪುರದವನನ್ನು, ಕಂಪ್ಯೂಟರನ್ನು, ಆಣೆ ಮಾಡದ ಅಪ್ಪನನ್ನು, ಯಾರನ್ನೂ ಬಿಡಲಿಲ್ಲ. ಸರ್ ಒಂದು ಕೈಯಲ್ಲಿ ಕಪ್ಪು ಹಿಡಿದು ಇನ್ನೊಂದು ಕೈಯಿಂದಲೇ ನನ್ನ ಬೈಗುಳವನ್ನೆಲ್ಲ ಟೈಪ್ ಮಾಡುತ್ತಿದ್ದರು. ದುಃಖದಲ್ಲಿ ರೂಢಿ ಮರೆತು ನಾನು ನೇರ ಆ ಬೆರಳುಗಳನ್ನೇ ನೋಡಿಬಿಟ್ಟೆ. ಬೆರಳುಗಳು ನಿಂತವು.

ಈ ಸಲ ಅವರು ನಾಚಲಿಲ್ಲ. ನಿಂತ ತಮ್ಮ ಕೈಯನ್ನು ತಾವೇ ನೋಡುತ್ತಾ ಕೂತರು. ಚಹಾ ಆರಿತು.

“ಬೇಟಾ, ಆ ಲ್ಯಾಪ್‌ಟಾಪ್ ವಾಯರ್ ಕಿತ್ತು ಬಿಡು,” ಎಂದರು. “ಡಿಬಗ್ಗರ್ ಬಂದ್ ಮಾಡು. ನಾವು ನೋಡಾಕತ್ತೇವಿ ಅಂತ ಅದಕ್ಕ ಗೊತ್ತಾಗಬಾರದು.”

ಆ ಬೆರಳು ನಿಂತದ್ದಕ್ಕೂ ಈ ಮಾತಿಗೂ ಸಂಬಂಧ ಇತ್ತು ಎಂದು ನಾನು ಈಗಲೂ ನಂಬುತ್ತೇನೆ. ಸರ್ ಮಾತ್ರ ಕಡೆಯವರೆಗೂ ಒಪ್ಪಲಿಲ್ಲ. “ಅದೆಲ್ಲಾ ನೀ ಕಟ್ಟಿದ ಕಥಿ. ನನಗ ಚಹಾದಾಗ ಹೊಳೀತು,” ಎನ್ನುತ್ತಿದ್ದರು.

ಡಿಬಗ್ಗರ್ ಬಿಚ್ಚಿ ನಾವಿಬ್ಬರೂ ಹೊರಗೆ ಕಲ್ಲಿನ ಮೇಲೆ ಕೂತೆವು. ನಾನು ಕೆಂಪು ಅಂಕಿ ಓದುವುದು, ಸರ್ ಪ್ರತಿ ಡ್ರೈವರಿನ ಚೀಟಿ ಇಸಿದುಕೊಂಡು ನೋಡುವುದು. ಬಿಡಿಬಿಡಿಯಾಗಿ ಬಂದ ಗಾಡಿಗಳೆಲ್ಲ ಸರಿ. ಬಿಸಿಲು ಇಳಿಯುವ ಹೊತ್ತಿಗೆ ಕಬ್ಬಿನ ಟ್ರ್ಯಾಕ್ಟರುಗಳ ಹಿಂಡು ಬಂತು. ನಮ್ಮ ಕಡೆಯ ಡ್ರೈವರುಗಳಿಗೆ ತಾಳ್ಮೆ ಎಂಬುದು ಗೊತ್ತಿಲ್ಲ, ಚೀಟಿಯನ್ನು ಕೆಂಪು ಅಂಕಿಗೆ ತಾಳೆ ನೋಡುವ ಪುರುಸೊತ್ತೂ ಇಲ್ಲ. ಮುಂದಿನ ಗಾಡಿಯ ಹಿಂದಿನ ಗಾಲಿ ಕಾಟಾದಿಂದ ಇಳಿಯುವ ಮೊದಲೇ ಹಿಂದಿನವನು ತನ್ನ ಮೂತಿ ಹತ್ತಿಸಿರುತ್ತಾನೆ. ಅಪ್ಪನೂ ಗದರುವವನಲ್ಲ. ರೈತರು ಬಿಸಿಲಲ್ಲಿ ಕಾಯಬಾರದೆಂದು ಕಿಟಕಿಯಿಂದ ಕೈ ಬೀಸಿ, “ಬರ್ಲಿ, ಬರ್ಲಿ,” ಎನ್ನುತ್ತಿದ್ದ. ಹಾಗೆ ಬಾಲಕ್ಕೆ ಮೂತಿ ಹಚ್ಚಿ ಹತ್ತಿದ ಮೊದಲ ಗಾಡಿಗೇ ಚೀಟಿಯಲ್ಲಿ ಒಂದು, ಕೆಂಪು ಅಂಕಿಯಲ್ಲಿ ಇನ್ನೊಂದು, ಚೀಟಿಯದೇ ಕಡಿಮೆ.

ನಾನು ಕಲ್ಲಿನಿಂದ ಜಿಗಿದೆ. ಸರ್ ನನ್ನ ರಟ್ಟೆ ಹಿಡಿದು ಕೂರಿಸಿದರು. “ಸುಮ್ನ ಕುಂದ್ರು. ಇನ್ನೊಂದು ಬರ್ಲಿ.” ಇನ್ನೊಂದೂ ತಪ್ಪಿತು, ಆದರೆ ಈ ಸಲ ಚೀಟಿಯ ತೂಕ ಹೆಚ್ಚಾಗಿತ್ತು.

ಸೊಲ್ಲಾಪುರದವನು ಎರಡು ಗಾಡಿಗಳ ನಡುವೆ ಕಾಟಾ ಖಾಲಿಯಾಗುತ್ತದೆ, ಅಂಕಿ ಸೊನ್ನೆಗೆ ಬರುತ್ತದೆ ಎಂದುಕೊಂಡು ಪ್ರೋಗ್ರಾಂ ಬರೆದಿದ್ದ. ಸೊನ್ನೆ ಬಂದರೆ ಹೊಸ ಗಾಡಿ ಎಂದು ಅದಕ್ಕೆ ತಿಳಿಯಬೇಕು. ಇಲ್ಲಿ ಸೊನ್ನೆಯೇ ಬರುತ್ತಿರಲಿಲ್ಲ. ಒಂದು ಇಳಿಯುತ್ತಾ ಇನ್ನೊಂದು ಹತ್ತುತ್ತಾ ಇರುವ ಅರೆಬರೆ ಹೊತ್ತಿನ ತೂಕವನ್ನೇ ಆ ಆಬ್ಜೆಕ್ಟು ಹಿಡಿದುಕೊಂಡು ಕೂರುತ್ತಿತ್ತು, ಅದೇ ಚೀಟಿಗೆ ಹೋಗುತ್ತಿತ್ತು. ಸರಿ, ಅದು ಗೊತ್ತಾಯಿತು. ಆದರೆ ಬೆಳಿಗ್ಗೆಯೂ ಗಾಡಿಗಳು ಹೀಗೇ ಅಂಟಿಕೊಂಡು ಬಂದಿದ್ದವಲ್ಲ, ಆಗ ಡಿಬಗ್ಗರಿನಲ್ಲಿ ಯಾಕೆ ಸರಿ ಬಂತು?

ಅದನ್ನು ಸರ್ ಅಪ್ಪನಿಗೆ ವಿವರಿಸಿದ ಮಾತುಗಳನ್ನು ನಾನು ಮರೆಯುವುದಿಲ್ಲ. ಅಪ್ಪ ಆಬ್ಜೆಕ್ಟು ಗೀಬ್ಜೆಕ್ಟು ಅರಿಯದವನು.

“ನೋಡ್ರಿ ಅಣ್ಣಾರ. ಡಿಬಗ್ಗರ್ ಅಂದ್ರ ಮನಿಗೆ ಬಂದ ಬೀಗರು. ಬೀಗರು ಬಾಗಿಲ ಬಡಿದು ‘ಒಳಗ ಏನದ ತೋರಸ್ರಿ’ ಅಂತಾರ. ಮನಿಯಾಕಿ ಏನ್ ಮಾಡ್ತಾಳ? ಗಡಬಡಿಸಿ ಕಸಾ ಹೊಡದು, ಹಾಸಗಿ ಮಡಚಿ, ಆಮ್ಯಾಲ ಬಾಗಿಲ ತಗೀತಾಳ. ಬೀಗರು ಏನಂತಾರ? ‘ಈ ಮನಿ ಯಾವಾಗ ಬಂದ್ರೂ ಸ್ವಚ್ಛ ಇರ್ತದ’ ಅಂತಾರ.”

ಆ ಆಬ್ಜೆಕ್ಟಿನಲ್ಲಿ ನಡೆಯುತ್ತಿದ್ದದ್ದು ಇದೇ. ಹೊಸ್ತಿಲಲ್ಲಿ ನಿಂತು ಸಕ್ಕರೆ ಕೇಳಿದ ಹಾಗೆ, ನಿನ್ನಲ್ಲಿ ಏನಿದೆ ಎಂದು ಯಾರಾದರೂ ಕೇಳಿದರೆ ಅದು ಕಾಟಾದಿಂದ ಹೊಸದಾಗಿ ತೂಕ ತಂದಿಟ್ಟುಕೊಂಡು ಆಮೇಲೆ ಉತ್ತರ ಹೇಳುವಂತೆ ಬರೆದಿತ್ತು. ಡಿಬಗ್ಗರ್ ತನ್ನ ಕಿಟಕಿಯಲ್ಲಿ ತೋರಿಸಲಿಕ್ಕೆಂದು ಅದೇ ಪ್ರಶ್ನೆಯನ್ನು ಪ್ರತಿ ಸಲ ಕೇಳುತ್ತಿತ್ತು. ಕೇಳಿದ್ದರಿಂದಲೇ ತಪ್ಪು ಅಳಿಸಿಹೋಗುತ್ತಿತ್ತು. ಯಾರೂ ಕೇಳದಿದ್ದಾಗ ಹಳೆಯದು ಹಾಗೇ ಚೀಟಿಗೆ ಬೀಳುತ್ತಿತ್ತು.

ಅಪ್ಪ, “ಅಂದ್ರ ತಪ್ಪು ನಂದೂ ಅದರಿ ಸರ್. ನಾನ ‘ಬರ್ಲಿ ಬರ್ಲಿ’ ಅಂತಿದ್ದೆ,” ಎಂದ.

“ಅದು ತಪ್ಪಲ್ಲ, ನಿಮ್ಮ ಮಾಯಾ, ಅಂತಃಕರಣ. ಪ್ರೋಗ್ರಾಂ ಬರದಾಂವ ನಿಮ್ಮಂಥವ್ರನ್ನ ನೋಡಿಲ್ಲ,” ಎಂದರು ಸರ್.

ಸೋಮವಾರ ಸಾಹುಕಾರರು, ವ್ಯಾಪಾರಿಗಳು, ದೂರು ಕೊಟ್ಟವರು ಎಲ್ಲ ಸೇರಿದರು. ಸರ್ ಸಾಹುಕಾರರದೇ ಎರಡು ಟ್ರ್ಯಾಕ್ಟರ್ ತರಿಸಿದರು. ಅಂಟಿಕೊಂಡು ಹತ್ತಿಸಿದಾಗ ಚೀಟಿ ತಪ್ಪಿತು. ಅದೇ ಗಾಡಿಗಳು, ಅದೇ ರೀತಿ, ಡಿಬಗ್ಗರ್ ಹಚ್ಚಿ ಮಾಡಿದಾಗ ಸರಿ ಬಂತು. ಬಿಟ್ಟು ಬಿಟ್ಟು ಹತ್ತಿಸಿದಾಗ ಡಿಬಗ್ಗರ್ ಇಲ್ಲದೆಯೂ ಸರಿ ಬಂತು. ತಪ್ಪಿದಾಗ ಕೀಲಿಮಣೆಯ ಮೇಲೆ ಅಪ್ಪನ ಕೈ ಇರಲಿಲ್ಲ. ಬೇಕೆಂದೇ ಸರ್ ಅಂದು ಸಾಹುಕಾರರ ಕೈಯಿಂದಲೇ ಗುಂಡಿ ಒತ್ತಿಸಿದ್ದರು.

“ಕಡಿಮಿ ಬಂದವ್ರು ಕೂಗಾಡಿದ್ರಿ. ಅದು ಬರೋಬ್ಬರಿ ಅದ,” ಎಂದರು ಸರ್, ನೆರೆದವರ ಕಡೆ ತಿರುಗಿ. “ಹೆಚ್ಚ ಬಂದವ್ರು ಯಾರರೆ ತಿರುಗಿ ಬಂದು ಹೇಳ್ಯಾರೇನ್ರಿ?”

ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು.

ಸಾಹುಕಾರರು ತಪ್ಪಾಯಿತು ಎನ್ನಲಿಲ್ಲ. ಅಂಥವರ ಬಾಯಿಂದ ಆ ಮಾತು ಹೊರಡುವುದಿಲ್ಲ. ಒಳಗಿನಿಂದ ತಮ್ಮ ಕುರ್ಚಿಯನ್ನು ತಾವೇ ಎತ್ತಿಕೊಂಡು ಬಂದು ಅಪ್ಪನ ಹಿಂದೆ ಇಟ್ಟು, “ಕುಂದ್ರು,” ಎಂದರು. ಮರುದಿನ ಕಾಟಾದ ಮುಂದೆ ಸುಣ್ಣದ ಗೆರೆ ಬಿತ್ತು, ಮುಂದಿನ ಗಾಡಿ ಇಳಿಯುವವರೆಗೆ ಹಿಂದಿನದು ಗೆರೆ ದಾಟಬಾರದು ಎಂದು. ನಿಮಗೇನು ಕೊಡಲಿ ಎಂದು ಸಾಹುಕಾರರು ಕೇಳಿದ್ದಕ್ಕೆ ಸರ್, “ಈ ಕಾಟಾದ ಮ್ಯಾಲ ಇನ್ ಮ್ಯಾಲ ಯಾರಿಗೂ ಆಣಿ ಕೇಳಬ್ಯಾಡ್ರಿ, ಅಷ್ಟೇ ಸಾಕ್ರಿ,” ಎಂದರು.

ಅಪ್ಪ ಕೆಲಸ ತಾನಾಗಿ ಬಿಡುವವರೆಗೂ ಅದೇ ಕುರ್ಚಿಯ ಮೇಲೆ ಕೂತ. ಅವನೂ ಸರೂ ಬಾಯ್ತುಂಬ ಮಾತಾಡಿದ್ದನ್ನು ನಾನು ನೋಡಿಲ್ಲ. ಹೊಸ ತೊಗರಿ ಬಂದಾಗ ಅಪ್ಪ ಒಂದು ಚೀಲ ಹೊತ್ತು ಕ್ಲಾಸಿನ ಮೆಟ್ಟಿಲು ಹತ್ತುತ್ತಿದ್ದ. ರಂಜಾನಿಗೆ ಚಾಚಿ ಕೊಟ್ಟ ಶೀರ್ ಖುರ್ಮಾ ಪಾಯಸ ನನ್ನ ಜೊತೆ ಬಸ್ಸಿನಲ್ಲಿ ಊರಿಗೆ ಬರುತ್ತಿತ್ತು. ಅವರ ಗೆಳೆತನದಲ್ಲಿ ಇದಕ್ಕಿಂತ ಹೆಚ್ಚಿನ ಗದ್ದಲ ಇರಲಿಲ್ಲ.

ಈಗ ನಾನು ಜೇವರ್ಗಿಯಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ನನ್ನ ಲ್ಯಾಬಿನಲ್ಲೂ ಒಂದು ಚೌಕುಳಿ ವಲ್ಲಿ ಇದೆ. ಹೊಸ ಹುಡುಗಿಯರ ಕೈಯ ಮೇಲೆ ಹೊದಿಸುತ್ತೇನೆ, ಅವರು ಬೈದುಕೊಳ್ಳುತ್ತಾರೆ. ಡಿಬಗ್ಗರ್ ಕಲಿಸುವ ದಿನ ಬೀಗರ ಕಥೆ ಹೇಳುತ್ತೇನೆ. ಎಲ್ಲ ಸರಿಯಿದೆ ಎಂದು ಸ್ಕ್ರೀನು ಹೇಳಿದಾಗಲೂ, ನಾನು ನೋಡದಿದ್ದಾಗ ಇದು ಹೇಗಿರುತ್ತದೆ ಎಂದು ಒಮ್ಮೆ ಕೇಳಿಕೊಳ್ಳುವ ಬುದ್ಧಿ ನನಗೆ ಅವರಿಂದ ಬಂದದ್ದು. ಅಪ್ಪ ಆಳಂದದ ಬಜಾರದಲ್ಲಿ ತಲೆಯೆತ್ತಿ ನಡೆಯುವುದೂ ಅವರಿಂದಲೇ. ಇದನ್ನು ಅವರ ಎದುರು ಹೇಳಲು ಹೋದಾಗಲೆಲ್ಲ ಅವರು ಚಹಾ ತರಲು ಎದ್ದುಬಿಡುತ್ತಿದ್ದರು.

ಚಾಚಿ ತೀರಿಕೊಂಡ ಮೇಲೆ ಅವರನ್ನು ಮಗಳು ಅಫಜಲಪುರಕ್ಕೆ ತನ್ನ ಮನೆಗೆ ಕರೆದುಕೊಂಡು ಹೋದಳು. ಮೊಮ್ಮಕ್ಕಳಿಗೆ ಹಳೆಯ ಟೈಪ್‌ರೈಟರ್ ಕೊಟ್ಟು, ಮನೆಯಲ್ಲಿ ಟಕಟಕ ಎನಿಸಿಕೊಂಡು ಸುಖವಾಗಿಯೇ ಇದ್ದರು. ಹೋದ ವರ್ಷ ಲಕ್ವಾ ಹೊಡೆಯಿತು. ಬಲಗಡೆ ಪೂರ್ತಿ ಹೋಯಿತು, ಮಾತೂ ಹೋಯಿತು. ನಾನು ಹೋದಾಗ ಗೋಡೆಗೆ ದಿಂಬು ಕೊಟ್ಟು ಕೂರಿಸಿದ್ದರು. ಮಗಳು ಅಳುತ್ತಾ, “ಕೇಳಸ್ತದೋ ಇಲ್ಲೋ ಗೊತ್ತಿಲ್ಲ ಅಕ್ಕಾ. ಕಣ್ಣ ನೋಡಿದ್ರ ತಿಳಿಯೂದಿಲ್ಲ. ಡಾಕ್ಟರೂ ಹೇಳಾಕ ಬರೂದಿಲ್ಲಂದ್ರು,” ಎಂದಳು.

ನಾನು ಮಂಚದ ಅಂಚಿಗೆ ಕೂತೆ. ಅವರ ಎಡಗೈ ಚಾದರದ ಮೇಲೆ ಬಿದ್ದಿತ್ತು. ಅದನ್ನು ನೋಡಬೇಕು ಎಂದು ಜೀವ ಒದ್ದಾಡಿತು. ನೋಡಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ, ನನ್ನ ಅಂಗೈಯನ್ನು ಮೆಲ್ಲಗೆ ಆ ಕೈಯ ಕೆಳಗೆ ಇಟ್ಟೆ. ಆಮೇಲೆ ಮಾತಾಡಲು ಶುರು ಮಾಡಿದೆ. ಲ್ಯಾಬಿನ ಸುದ್ದಿ, ವಲ್ಲಿಯ ಕೆಳಗೆ ನನ್ನನ್ನೇ ಬೈದು ಟೈಪ್ ಮಾಡಿದ ಹುಡುಗಿಯ ಸುದ್ದಿ. ಮೊದಲು ಏನೂ ಇಲ್ಲ. ಆಮೇಲೆ ಕಿರುಬೆರಳು ಕದಲಿತು. ಆಮೇಲೆ ಉಳಿದವು. ಎಡಗೈ ಪಾಲಿಗೆ ಬರುವ ಅಕ್ಷರಗಳಷ್ಟೇ ನನ್ನ ಅಂಗೈಯ ಮೇಲೆ ಬೀಳುತ್ತಿದ್ದವು. ಬಲಗೈಯದು ಬರುವಲ್ಲಿ ಬೆರಳುಗಳು ತಡೆದು ನಿಂತು, ಅದಕ್ಕೆ ಸಮಯ ಬಿಟ್ಟುಕೊಟ್ಟು, ಮತ್ತೆ ಮುಂದುವರಿಯುತ್ತಿದ್ದವು. ನಾನು ಮಾತು ನಿಲ್ಲಿಸಿದರೆ ಅವೂ ನಿಲ್ಲುತ್ತಿದ್ದವು. ನಾನು ನಿಲ್ಲಿಸದೆ ಮಾತಾಡಿದೆ. “ನಿಮ್ಮಪ್ಪಗ ಎಲ್ಲಾ ಕೇಳಸ್ತದ ಬೇ,” ಎಂದು ನಡುವೆ ಮಗಳಿಗೆ ಹೇಳಿದೆ. ಅದನ್ನೂ ಟೈಪ್ ಮಾಡಿದರು.

ಚಳಿ ಮುಗಿಯುವ ಮೊದಲೇ ಸುದ್ದಿ ಬಂತು. ನನಗೆ ಪರೀಕ್ಷೆಯ ಕೆಲಸ. ಹೋದರೂ ಹೆಣ್ಣುಮಕ್ಕಳು ಖಬರಸ್ತಾನದ ಒಳಗೆ ಹೋಗುವುದಿಲ್ಲ. ಅಪ್ಪ ಮಾದನಹಿಪ್ಪರಗಾದಿಂದ ಎರಡು ಬಸ್ಸು ಬದಲಿಸಿ ಅಫಜಲಪುರಕ್ಕೆ ಹೋಗಿ ಮಣ್ಣು ಕೊಟ್ಟು ಬಂದ. ಅಲ್ಲಿ ನಡೆದದ್ದನ್ನು ನನಗೆ ಹೇಳಿದ್ದು ಅಪ್ಪನಲ್ಲ, ಸರ್ ಅವರ ಅಳಿಯ, ಫೋನಿನಲ್ಲಿ.

ಮಣ್ಣು ಕೊಡುವ ಮೊದಲು ಅಳಿಯ ಪದ್ಧತಿಯಂತೆ ಎಲ್ಲರ ಎದುರು ಕೈಮುಗಿದು, ಮಾವ ಯಾರ ಮನಸ್ಸಿಗಾದರೂ ನೋವು ಮಾಡಿದ್ದರೆ ಮಾಫ್ ಮಾಡಿಬಿಡಿ ಎಂದನಂತೆ. ಹಿಂದೆ ಬೇಲಿಯ ಹತ್ತಿರ ನಿಂತಿದ್ದ ಅಪ್ಪ ಮುಂದೆ ಬಂದ. ಯಾರೂ ಅವನನ್ನು ಏನೂ ಕೇಳಿರಲಿಲ್ಲ. ಅಂಗಿಯ ಮೇಲಿನ ಗುಂಡಿ ಬಿಚ್ಚಿ ಕರಡಿಗೆ ಹೊರಗೆ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡ.

“ನಿಮ್ಮ ಅಪ್ಪಾರು ಏನಂದ್ರು ಗೊತ್ತೇನ್ರಿ ಅಕ್ಕಾ?” ಎಂದ ಅಳಿಯ. “‘ಈ ಮನುಷ್ಯಾ ಯಾರಿಗೂ ಕೆಟ್ಟದ್ದು ಮಾಡಿಲ್ಲ. ಲಿಂಗ ಮುಟ್ಟಿ ಹೇಳ್ತೇನಿ’ ಅಂದ್ರು. ಅಷ್ಟ ಅಂದು ಮಣ್ಣು ಕೊಟ್ಟು ಹೊಂಟ್ರು.”

ನಾನು ಲ್ಯಾಬಿನಲ್ಲಿ ನಿಂತು ಫೋನು ಕಿವಿಗೆ ಒತ್ತಿಕೊಂಡಿದ್ದೆ. ಇನ್ನೊಂದು ಕೈ ಮೇಜಿನ ಮೇಲಿತ್ತು. ಅದರ ಬೆರಳುಗಳು ಅಪ್ಪನ ಮಾತನ್ನು ಟೈಪ್ ಮಾಡುತ್ತಿರುವುದು ನನಗೆ ತಿಳಿಯುತ್ತಿತ್ತು. ನಾನು ಅತ್ತ ನೋಡಲಿಲ್ಲ.